ಟ್ರೈನಿಂಗ್ ಸೇರಿ ಮೂರೇ ವಾರ, ಕಾಲಲ್ಲಿ ಒಂದೇ ಜಾಗದಲ್ಲಿ ನೋವು. ಹೇಳ್ಬೇಕಾ, ಸುಮ್ನಿರ್ಬೇಕಾ?

ಹೊಸಬೂಟು:

ಎಲ್ರಿಗೂ ನಮಸ್ಕಾರ. ಭಾನುವಾರ ಒಂದು ಗಂಟೆ ಮಾತ್ರ ಫೋನ್ ಕೈಗೆ ಸಿಗೋದು, ಅದ್ರಲ್ಲಿ ಅರ್ಧ ಗಂಟೆ ಅಮ್ಮನ ಹತ್ರ ಎಲ್ಲಾ ಚೆನ್ನಾಗಿದೆ ಅಂತ ಸುಳ್ಳು ಹೇಳೋದ್ರಲ್ಲೇ ಹೋಯ್ತು, ಉಳಿದಿದ್ರಲ್ಲಿ ಇದನ್ನ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಆರ್ಮಿ ಬೇಸಿಕ್ ಟ್ರೈನಿಂಗ್ ಸೇರಿ ಇವತ್ತಿಗೆ ಸರಿಯಾಗಿ 3 ವಾರ. ಮೊದಲ ದಿನ ತಲೆ ಬೋಳಿಸಿದ್ರು, ಕಿಟ್ ಕೊಟ್ರು, ಬೂಟು ಕಂಬಳಿ ಎಲ್ಲಾ ತಬ್ಬಿಕೊಂಡು ಓಡಿ ಅಂದ್ರು, ಎಲ್ಲಿಗೆ ಅಂತ ಹೇಳ್ಲಿಲ್ಲ, ಎಲ್ರೂ ಓಡ್ತಿದ್ರು ನಾನೂ ಓಡ್ದೆ. ಅವತ್ತಿಂದ ಓಡ್ತಾನೇ ಇದೀನಿ. ಬೈಗುಳ, ನಿದ್ದೆ ಇಲ್ದೇ ಇರೋದು, ಯಾರದೋ ಒಬ್ಬನ ಬೆಡ್‌ಶೀಟ್ ಮಡಿಕೆ ಸೊಟ್ಟ ಇದೆ ಅಂತ ಇಡೀ ರೂಮಿನ ಹಾಸಿಗೆ ಅಂಗಳಕ್ಕೆ ಬೀಳೋದು, ಇದಕ್ಕೆಲ್ಲ ಹೆಂಗೋ ಒಗ್ಗಿಕೊಂಡೆ. ರಾತ್ರಿ ಲೈಟ್ ಆಫ್ ಆದ್ಮೇಲೆ ಮಾತ್ರ ಒಂಥರಾ ಆಗುತ್ತೆ, ಪಕ್ಕದ ಮಂಚದವನು ಮೊದಲ ವಾರ ಮುಸುಕು ಹಾಕ್ಕೊಂಡು ಅಳ್ತಿದ್ದ, ನಾನು ಕೇಳಿಸದ ಹಾಗೆ ಮಲಗಿರ್ತಿದ್ದೆ. ಈಗ ಅವನು ಗೊರಕೆ ಹೊಡೀತಾನೆ.

ವಿಷಯಕ್ಕೆ ಬರ್ತೀನಿ. ಮೊದಲ ಹತ್ತು ದಿನ ಎರಡೂ ಕಾಲಲ್ಲಿ ಮಂಡಿ ಕೆಳಗೆ ಮೂಳೆ ಉದ್ದಕ್ಕೂ ನೋವಿತ್ತು, ಎಲ್ರಿಗೂ ಇತ್ತು, ಹಾಗಾಗಿ ತಲೆ ಕೆಡಿಸ್ಕೊಳ್ಳಲಿಲ್ಲ. ಬಲಗಾಲಿಂದು ಹೋಯ್ತು. ಎಡಗಾಲಲ್ಲಿ ಪಾದದ ಗಂಟಿಂದ ಒಂದು ಗೇಣು ಮೇಲೆ, ಒಳಭಾಗದಲ್ಲಿ, ಒಂದೇ ಒಂದು ಜಾಗ ಉಳಕೊಂಡಿದೆ, ಬೆರಳಿಟ್ರೆ ಜೀವ ಹೋಗುತ್ತೆ. ಓಡೋವಾಗ ಮೊದಲು ನೋವು, ಆಮೇಲೆ ಬಿಸಿ ಆದ್ಮೇಲೆ ಕಮ್ಮಿ ಆಗ್ತಿತ್ತು, ಈ ವಾರ ಕಮ್ಮಿ ಆಗ್ತಿಲ್ಲ, ಮಲಗಿದ್ರೂ ಜುಮುಜುಮು ಅನ್ನುತ್ತೆ. ಒಂಟಿಕಾಲಲ್ಲಿ ಕುಪ್ಪಳಿಸಿ ನೋಡ್ದೆ, ಆಗ್ಲೇ ಇಲ್ಲ. ಗೆಳೆಯನ ಹತ್ರ ಇದ್ದ ಪೇನ್‌ಕಿಲ್ಲರ್ ಬೆಳಿಗ್ಗೆ ಒಂದು ನುಂಗಿ ಫಾಲಿನ್‌ಗೆ, ಅಂದ್ರೆ ಸಾಲಲ್ಲಿ ನಿಲ್ಲೋಕೆ, ಹೋಗ್ತಿದೀನಿ. ಇನ್ನು ಹತ್ತು ದಿನಕ್ಕೆ ಪ್ಯಾಕ್ ಹೊತ್ತುಕೊಂಡು ದೊಡ್ಡ ರೂಟ್ ಮಾರ್ಚ್ ಇದೆ. ಮೆಡಿಕಲ್‌ಗೆ ಹೋದ್ರೆ ನಮ್ಮ ಹಿಂದೆ ಬರೋ ಬ್ಯಾಚ್‌ಗೆ ತಳ್ತಾರಂತೆ, ಇಷ್ಟು ಒದ್ದಾಡಿ ಇವ್ರ ಜೊತೆ ಬಂದು ಮತ್ತೆ ಗೊತ್ತಿಲ್ದೋರ ಮಧ್ಯ ಮೊದಲಿಂದ ಶುರು ಮಾಡೋದಾ? ಏನ್ ಮಾಡ್ಲಿ?

ಇನ್ನೊಂದು, ನಗಬೇಡಿ. ಡ್ರಿಲ್‌ನಲ್ಲಿ ನನಗೆ ಎಡಗಾಲಿನ ಜೊತೆ ಎಡಗೈನೇ ಮುಂದೆ ಹೋಗುತ್ತೆ. 19 ವರ್ಷದಿಂದ ನೆಟ್ಟಗೆ ನಡೀತಿದ್ದವನು, ಈಗ ಯಾಕೆ ಹಿಂಗೆ?

ಕವಾಯತು_ಮೇಷ್ಟ್ರು:

ತಮ್ಮಾ, ಎರಡನೇದಕ್ಕೆ ಮೊದಲು ಉತ್ತರ ಹೇಳ್ತೀನಿ, ಅದು ಸುಲಭ. ವರ್ಷಗಟ್ಟಲೆ ಡ್ರಿಲ್ ಹೇಳ್ಕೊಟ್ಟವನು ನಾನು, ಪ್ರತಿ ಬ್ಯಾಚಲ್ಲೂ ಇಬ್ಬರೋ ಮೂವರೋ ನಿನ್ನಂಥವರು ಇದ್ದೇ ಇರ್ತಾರೆ. ನಡಿಗೆ ಅನ್ನೋದು ಯೋಚನೆ ಮಾಡದೆ ಆಗೋ ಕೆಲಸ, ನೀನು ಈಗ ಯೋಚನೆ ಮಾಡ್ಕೊಂಡು ನಡೀತಿದೀಯ, ಜೊತೆಗೆ ಹಿಂದೆ ಒಬ್ಬ ಕಿರುಚ್ತಿದಾನೆ, ಕೈ ಬಿಗಿಯಾಗುತ್ತೆ, ಬಿಗಿಯಾದ ಕೈ ಕಾಲಿನ ಜೊತೆ ಹೋಗುತ್ತೆ. ಸಂಜೆ ಪಾಲಿಶ್ ಮಾಡೋ ಹೊತ್ತಲ್ಲಿ ವರಾಂಡದಲ್ಲಿ ಕೈ ಎರಡೂ ತೊಡೆಗೆ ಅಂಟಿಸಿ ನಡಿ, ಕಾಲು ಲಯಕ್ಕೆ ಬಿದ್ಮೇಲೆ ಭುಜ ಸಡಿಲ ಬಿಡು, ಕೈ ತಾನಾಗಿ ಎದುರು ಕಾಲಿಗೆ ಹೋಗುತ್ತೆ. ಆಗ ಅದನ್ನ ನೋಡಕ್ಕೆ ಹೋಗ್ಬೇಡ, ನೋಡಿದ್ರೆ ಮತ್ತೆ ಕೆಡುತ್ತೆ. ನಿಮಿಷಕ್ಕೆ 120 ಹೆಜ್ಜೆ ಅನ್ನೋದು ಬಹಳ ಸೈನ್ಯಗಳಲ್ಲಿರೋ ಲೆಕ್ಕ, ಸೆಕೆಂಡಿಗೆ ಎರಡು, ಗೋಡೆ ಗಡಿಯಾರದ ಮುಂದೆ ನಿಂತು ಬೆರಳಲ್ಲಿ ತಾಳ ಹಾಕಿದ್ರೂ ಕಿವಿಗೆ ಕೂರುತ್ತೆ.

ಹಾಗೆ ನೆಟ್ಟಗೆ ನಿಲ್ಲೋವಾಗ ಮಂಡಿ ಲಾಕ್ ಮಾಡ್ಬೇಡ. ಅಲುಗಾಡದೆ ನಿಂತ್ರೆ ರಕ್ತ ಕಾಲಲ್ಲೇ ನಿಂತುಬಿಡುತ್ತೆ, ಮೇಲೆ ತಳ್ಳೋದು ಮೀನಖಂಡದ ಕೆಲಸ, ಅದು ಕೆಲಸ ಮಾಡ್ಲಿಲ್ಲ ಅಂದ್ರೆ ಮರ ಬಿದ್ದಂಗೆ ಮುಖ ಅಡಿಯಾಗಿ ಬೀಳ್ತೀಯ. ಬೂಟಿನ ಒಳಗೆ ಬೆರಳು ಮಡಚಿ ಬಿಚ್ಚಿ ಮಾಡ್ತಿರು, ಹೊರಗೆ ಯಾವನಿಗೂ ಕಾಣಲ್ಲ.

ಈಗ ಮೊದಲನೇದು. ನೀನು ಮುಚ್ಚಿಟ್ಟಿದೀಯ ಅನ್ಕೊಂಡಿದೀಯ. ಎಂಟು ಜನ ಒಟ್ಟಿಗೆ ಹಿಮ್ಮಡಿ ಊರಿದ್ರೆ ಒಂದೇ ಸದ್ದು ಬರ್ಬೇಕು, ಒಬ್ಬ ಕಾಲು ಕಾಪಾಡ್ಕೊಂಡು ಊರಿದ್ರೆ ಆ ಸದ್ದಿಗೆ ಒಂದು ಬಾಲ ಇರುತ್ತೆ. ನಂಗೆ ಬೆನ್ನು ಹಾಕಿ ನಿಂತಿದ್ರೂ ಗೊತ್ತಾಗ್ತಿತ್ತು. ನಿಮ್ಮ ಇನ್‌ಸ್ಟ್ರಕ್ಟರ್‌ಗೂ ಗೊತ್ತಾಗಿರುತ್ತೆ ಅಥವಾ ಈ ವಾರ ಗೊತ್ತಾಗುತ್ತೆ. ಅವರೇ ಹಿಡಿಯೋಕೆ ಮುಂಚೆ ನೀನಾಗಿ ಹೋಗಿ ಹೇಳು. ಕೆಲಸ ಕದಿಯೋಕೆ ಕುಂಟುವವನಿಗೂ ಕುಂಟುವುದನ್ನ ಮುಚ್ಚಿಡೋನಿಗೂ ವ್ಯತ್ಯಾಸ ನಮಗೆ ಚೆನ್ನಾಗಿ ಗೊತ್ತು, ಮೊದಲನೆಯವನು ಮೆಟ್ಟಿಲು ಇಳಿಯೋವಾಗ ಮರೆತುಬಿಡ್ತಾನೆ.

ಮೂಳೆಮಾತು:

ನಾನು ಫಿಸಿಯೋ, ಕೆಲವು ವರ್ಷ ಟ್ರೈನಿಂಗಲ್ಲಿರೋ ಹುಡುಗ ಹುಡುಗಿಯರನ್ನೇ ನೋಡಿದೀನಿ. ಮುಟ್ಟದೆ ಖಾಯಿಲೆ ಹೇಳೋದು ತಪ್ಪು, ಆದ್ರೆ ನೀನು ಬರೆದಿರೋದು ಓದಿ ಸುಮ್ನಿರಕ್ಕೆ ಆಗಲ್ಲ.

ನಮ್ಮಲ್ಲಿ ಒಂದು ಅಂದಾಜು ಲೆಕ್ಕ ಇದೆ. ಎಲ್ಲಿ ನೋವು ಅಂದ್ರೆ ಕೆಲವರು ಅಂಗೈಯಲ್ಲಿ ಮೂಳೆ ಉದ್ದಕ್ಕೂ ಸವರಿ ತೋರಿಸ್ತಾರೆ, ಅದು ಬಹುಪಾಲು ಶಿನ್ ಸ್ಪ್ಲಿಂಟ್ಸ್, ಮೂಳೆ ಮೇಲಿನ ಪೊರೆ, ಸ್ನಾಯು ಅಂಟಿರೋ ಜಾಗ ಕೆರಳಿರೋದು. ಕೆಲವರು ಒಂದು ಬೆರಳಿಟ್ಟು ಇಲ್ಲೇ ಅಂತಾರೆ. ಬೆರಳಿಡೋರನ್ನ ನಾನು ಅವತ್ತೇ ಓಟ ನಿಲ್ಲಿಸಿ ಡಾಕ್ಟರ್ ಹತ್ರ ಕಳಿಸ್ತೀನಿ. ನೀನು ಮೊದಲು ಅಂಗೈ ಆಗಿದ್ದೆ, ಈಗ ಬೆರಳಾಗಿದೀಯ, ಮೇಲಿಂದ ಮಲಗಿದಾಗ್ಲೂ ನೋವು ಅಂತೀಯ. ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಒಂದೇ ಏಟಿಗೆ ಮುರಿಯೋದಲ್ಲ, ಸಾವಿರಾರು ಸಣ್ಣ ಏಟಿಗೆ ಕೂದಲೆಳೆ ಬಿರುಕು ಬಿಡೋದು, ಅದರ ದಾರಿ ಹೀಗೇ ಇರುತ್ತೆ. ಕುಪ್ಪಳಿಸಿ ಟೆಸ್ಟ್ ಮಾಡ್ಕೊಂಡೆ ಅಂದ್ಯಲ್ಲ, ಇನ್ನೊಂದ್ಸಲ ದಯವಿಟ್ಟು ಮಾಡ್ಬೇಡ.

ಇದು ನಿನ್ನ ಹುಳುಕಲ್ಲ, ಸೈನ್ಯದಷ್ಟೇ ಹಳೇ ಕಥೆ. 1855ರಲ್ಲಿ ಬ್ರೈಟ್‌ಹೌಪ್ಟ್ ಅನ್ನೋ ಪ್ರಷ್ಯಾದ ಮಿಲಿಟರಿ ಡಾಕ್ಟರು ಉದ್ದುದ್ದ ಮಾರ್ಚ್ ಮಾಡಿದ ಸಿಪಾಯಿಗಳ ಪಾದ ಊದ್ಕೊಂಡು ನೋಯೋದನ್ನ ಬರೆದಿಟ್ಟರು, ಆಗ ಎಕ್ಸ್‌ರೇ ಇರ್ಲಿಲ್ಲ, ಒಳಗೆ ಏನಾಗಿದೆ ಅಂತ ನೋಡೋಕೆ ದಾರಿ ಇರ್ಲಿಲ್ಲ. 1895ರಲ್ಲಿ ಎಕ್ಸ್‌ರೇ ಬಂತು, ಎರಡೇ ವರ್ಷಕ್ಕೆ 1897ರಲ್ಲಿ ಇನ್ನೊಬ್ಬ ಡಾಕ್ಟರು ಅಂಥ ಪಾದಗಳ ಫೋಟೋ ತೆಗೆದು ಮೂಳೆನೇ ಬಿರುಕು ಬಿಟ್ಟಿದೆ ಅಂತ ತೋರಿಸಿದ್ರು. ಇಂಗ್ಲಿಷಲ್ಲಿ ಇದಕ್ಕೆ ಮಾರ್ಚ್ ಫ್ರಾಕ್ಚರ್ ಅಂತ ಹೆಸರೇ ಇದೆ.

ಮೂರು ನಾಲ್ಕನೇ ವಾರವೇ ಯಾಕೆ ಅಂದ್ರೆ, ಮೂಳೆ ಗಟ್ಟಿ ಆಗೋ ರೀತಿನೇ ವಿಚಿತ್ರ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೇದನ್ನ ಕೆಡವುತ್ತೆ, ಆಮೇಲೆ ಹೊಸದು ಕಟ್ಟುತ್ತೆ. ಕೆಡವೋ ಜೀವಕೋಶಗಳು ಬೇಗ ಕೆಲಸ ಮುಗಿಸ್ತವೆ, ಕಟ್ಟೋವು ನಿಧಾನ. ಮಧ್ಯ ಕೆಲವು ವಾರ ಮನೆ ರಿಪೇರಿಗೆ ಗೋಡೆ ಒಡೆದು ಇಟ್ಟಂಗೆ ಇರುತ್ತೆ, ಆ ಹೊತ್ತಲ್ಲೇ ನೀವೆಲ್ಲ ಪ್ಯಾಕ್ ಹೊತ್ತು ಹೊರಡ್ತೀರ.

ಎಕ್ಸ್‌ರೇ ತೆಗೆದು ಏನೂ ಕಾಣ್ಲಿಲ್ಲ ಅಂದ್ರೆ ಖುಷಿ ಪಡ್ಬೇಡ, ಶುರುವಿನ ಎರಡು ಮೂರು ವಾರ ಅದ್ರಲ್ಲಿ ಕಾಣದೇ ಇರೋದೇ ಜಾಸ್ತಿ, ನೋವು ಹಂಗೇ ಇದ್ರೆ ಎಂಆರ್‌ಐ ಬಗ್ಗೆ ಕೇಳು. ಪೇನ್‌ಕಿಲ್ಲರ್ ನಿಲ್ಸು, ನೋವಿನ ಬಾಯಿ ಮುಚ್ಚಿಸಿ ಓಡೋದು ಅಂದ್ರೆ ಬಿರುಕಿನ ಮೇಲೆ ಓಡೋದು, ಜೊತೆಗೆ ಬೆವರಿ ನೀರಿಲ್ದೆ ಒಣಗಿರೋ ಮೈಗೆ ಆ ಮಾತ್ರೆಗಳು ಕಿಡ್ನಿಗೂ ಒಳ್ಳೇದಲ್ಲ. ಇದನ್ನ ಓದ್ತಿರೋ ಬೇರೆ ಹುಡುಗರಿಗೂ ಒಂದು ಮಾತು: ನೋವು ತೊಡೆಸಂದಿನಲ್ಲಿ ಇದ್ರೆ ಭಾನುವಾರದ ತನಕ ಕಾಯ್ಬೇಡಿ, ತೊಡೆ ಮೂಳೆಯ ಕುತ್ತಿಗೆ ಭಾಗದಲ್ಲಿ ಬಿರುಕು ಬಿಟ್ಟು ಸರಿದ್ರೆ ಆಪರೇಷನ್ನೇ ಗತಿ.

ತಗಡುಟ್ರಂಕು:

ಅಕ್ಕ ಹೇಳಿದ್ದೆಲ್ಲ ಸರಿ ಇರಬಹುದು, ಆದ್ರೆ ಹಿಂಗೆ ಹೆದರಿಸಿದ್ರೆ ಸಣ್ಣ ಸಣ್ಣದಕ್ಕೆಲ್ಲ ಎಲ್ರೂ ಮೆಡಿಕಲ್ ರೂಮ್ ಮುಂದೆ ಕ್ಯೂ ನಿಲ್ತಾರೆ. ನಮ್ಮ ಬ್ಯಾಚಲ್ಲಿ ಒಬ್ಬ ಇದ್ದ, ಸೋಮವಾರ ಕಾಲು, ಮಂಗಳವಾರ ಬೆನ್ನು, ಬುಧವಾರ ಹೊಟ್ಟೆ, ಅವನ ಪಾಲಿನ ರಾತ್ರಿ ಡ್ಯೂಟಿ ನಾವು ಮಾಡ್ತಿದ್ವಿ. ನನಗೂ ಮೊದಲ ತಿಂಗಳು ನೋವಿತ್ತು, ಹಲ್ಲು ಕಚ್ಕೊಂಡು ಮುಗಿಸ್ದೆ, ಏನೂ ಆಗ್ಲಿಲ್ಲ. ನೋವಿಲ್ದೆ ಸಿಪಾಯಿ ಆಗಕ್ಕೆ ಬರಲ್ಲ ಗುರು.

ಕುಂಟುಕುದುರೆ:

ಟ್ರಂಕಣ್ಣಾ, ನಿನಗ ಏನೂ ಆಗ್ಲಿಲ್ಲ, ಛಲೋ ಆತು. ನನಗ ಆತು, ಅದಕ್ಕ ಬರೀಲಿಕತ್ತೀನಿ.

ನಂದೂ ಇದ ಕಾಲು, ಇದ ಜಾಗ ಅಂದ್ರೂ ನಡೀತದ. ಐದನೇ ವಾರ. ನಮ್ಮ ಸೆಕ್ಷನ್‌ನಾಗ ನಾನ ಎಲ್ಲಾರ್ಕಿಂತ ಜೋರ ಓಡಾಂವ, ಅದ ದೊಡ್ಡ ಸೊಕ್ಕು ಇತ್ತು ನನಗ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಒದ್ದಿ ಟಾವೆಲ್ ಕಾಲಿಗೆ ಸುತ್ತಕೊಂಡು ಮಲಗತಿದ್ದೆ, ಮುಂಜಾನೆ ಯಾರರ ನೋಡೂಕಿಂತ ಮೊದಲ ಬಿಚ್ಚಿ ಟ್ರಂಕಿನಾಗ ತುರುಕತಿದ್ದೆ, ಆ ಟಾವೆಲ್ ವಾಸನಿ ಈಗೂ ಮೂಗಿನಾಗ ಅದ. ಯಾರರ ಕೇಳಿದ್ರ ಹೊಸ ಬೂಟು ಕಚ್ಚೇದ ಅಂತಿದ್ದೆ. ಒಂದಿನ ಓಟದ ಕಡೀ ಸುತ್ತಿನಾಗ ಸಣ್ಣ ತಗ್ಗು ಬಂತು, ತಗ್ಗು ಅಂದ್ರ ಏನು, ನಾಕ ಬಟ್ಟಿನಷ್ಟ, ದಿನಾ ದಾಟೂ ತಗ್ಗು ಅದು. ಕಾಲಿಟ್ಟೆ, ಒಣ ಕಟಗಿ ಮುರದಂಗ ಸಪ್ಪಳ ಆತು. ನನ್ನ ಹಿಂದಿನ ಹುಡುಗಗೂ ಕೇಳಿಸ್ತು, ಅಂವ ನನ್ನ ಬೂಟಿನ ಹಿಮ್ಮಡಿ ಕಿತ್ತಿತು ಅಂತ ತಿಳಕೊಂಡಿದ್ದ. ಬಿದ್ದಾಗ ಕಾಲು ನೋಡಿದೆ, ಮತ್ತ ನೋಡಲಿಲ್ಲ.

ರಾಡ್ ಹಾಕಿದ್ರು. ನೋವು ಬಂದ ಕೂಡ್ಲೇ ಹೇಳಿದ್ರ ಕೆಲವು ವಾರದಾಗ ಮುಗೀತಿದ್ದ ಕೆಲಸ, ನನಗ ಒಂಬತ್ತು ತಿಂಗಳ ಹಿಡೀತು. ನನ್ನ ಬ್ಯಾಚಿನ ಪಾಸಿಂಗ್ ಔಟ್ ಪರೇಡ್ ನಾ ಕುರ್ಚಿ ಮ್ಯಾಲ ಕುಂತು ನೋಡೀನಿ, ಮನಿ ಮಂದಿ ಕೂಡೂ ಸಾಲಿನಾಗ. ಯಾವ ಬ್ಯಾಚ್ ಬಿಡಬಾರದು ಅಂತ ಮುಚ್ಚಿಟ್ಟಿದ್ನೋ ಅದ ಬ್ಯಾಚು. ಆಮ್ಯಾಲ ಬ್ಯಾರೇ ಬ್ಯಾಚಿನಾಗ ಮುಗಿಸಿದೆ ಬಿಡ್ರಿ, ಅಲ್ಲಿಯ ಹುಡುಗ್ರ ಈಗ ನನ್ನ ಖಾಸ ದೋಸ್ತರು. ಹೊಸಬೂಟು, ನೀ ಟಾವೆಲ್ ಸುತ್ತಲಿಕ್ಕೆ ಶುರು ಮಾಡೀಯೇನು?

ಎರಡನೇಸಾಲು:

ನಾನು ಟ್ರೈನಿಂಗ್ ಮುಗಿಸಿ ಒಂದೂವರೆ ವರ್ಷ ಆಯ್ತು. ಹುಡುಗ್ರೆಲ್ಲ ಮಾತಾಡ್ಬಿಟ್ರಿ, ನಂದೂ ಸೇರಿಸ್ತೀನಿ.

ಒಂದು ವಿಷಯ ಯಾರೂ ಕೇಳ್ಲಿಲ್ಲ, ನಿನ್ನ ಎತ್ತರ ಎಷ್ಟು, ನಿನ್ನ ಮುಂದೆ ಯಾರಿದಾನೆ? ನಂಗೆ ಶುರುವಲ್ಲಿ ಉದ್ದನೆಯವರ ಹಿಂದೆ ಜಾಗ ಸಿಕ್ಕಿತ್ತು. ಡ್ರಿಲ್ ಹೆಜ್ಜೆ 30 ಇಂಚು ಅಂತ ಲೆಕ್ಕ, ಅವ್ರಿಗೆ ಅದು ಸುಮ್ನೆ ನಡಿಗೆ, ನನಗೆ ಪ್ರತಿ ಹೆಜ್ಜೆನೂ ಚರಂಡಿ ದಾಟಿದ ಹಾಗೆ. ಕುಳ್ಳಗಿರೋರು, ಅದ್ರಲ್ಲೂ ಹೆಂಗಸರು, ಹಿಂಗೆ ಕಾಲು ಚಾಚಿ ಚಾಚಿ ನಡೆದ್ರೆ ಸೊಂಟದ ಮೂಳೆನೇ ಬಿರುಕು ಬಿಡುತ್ತೆ ಅಂತ ನಮ್ಮ ಡಾಕ್ಟರ್ ಹೇಳಿದ್ರು, ಆಮೇಲೆ ಕುಳ್ಳಗಿರೋರನ್ನ ಮುಂದಿನ ಸಾಲಿಗೆ ಹಾಕಿದ್ರು, ಎರಡನೇ ವಾರದಲ್ಲಿ ನನ್ನ ಸೊಂಟದ ನೋವು ಮಾಯ. ಕೇಳೋಕೆ ನಾಚಿಕೆ ಪಟ್ಕೊಂಡು ಎಷ್ಟು ದಿನ ಸುಮ್ನಿದ್ದೆ ನಾನು.

ನೀರಿನ ಬಗ್ಗೆನೂ ಒಂದು ಮಾತು. ಬಿಸಿಲಿಗೆ ಮೈ ಒಗ್ಗೋಕೆ ಹತ್ತು ಹದಿನಾಲ್ಕು ದಿನ ಬೇಕು, ಅಲ್ಲೀವರೆಗೆ ಕುಡಿ ಕುಡಿ ಅಂತಿರ್ತಾರೆ, ಸರಿನೇ, ಆದ್ರೆ ಹೆದರಿಕೊಂಡು ಬಾಟಲಿ ಮೇಲೆ ಬಾಟಲಿ ಸುರ್ಕೊಳ್ಳೋದೂ ಅಪಾಯ. ಗಂಟೆಗೆ ಒಂದೂವರೆ ಲೀಟರಿಗಿಂತ ಜಾಸ್ತಿ ಕುಡೀತಾ ಹೋದ್ರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಗೊಂದಲ, ಪ್ರಜ್ಞೆ ತಪ್ಪೋದೂ ಆಗುತ್ತೆ. ನಮ್ಮ ರೂಮಿನ ಹುಡುಗಿಗೆ ಹಂಗೇ ಆಗಿದ್ದು, ನಾವು ನೀರು ಕಮ್ಮಿ ಆಗಿದೆ ಅಂದ್ಕೊಂಡು ಇನ್ನೂ ನೀರು ಕುಡಿಸ್ತಿದ್ವಿ, ಕರ್ಮ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ರೆ ಮಾತ್ರ ಯಾವ ಲೆಕ್ಕಾನೂ ಹಾಕ್ದೆ ಡಾಕ್ಟರ್ ಹತ್ರ ಓಡು, ಸ್ನಾಯು ಒಡೆದು ಕಿಡ್ನಿಗೆ ಹೋಗ್ತಿರುತ್ತೆ.

ಪಾದದ ಬೊಬ್ಬೆ ಬಗ್ಗೆ ನೀನು ಕೇಳಿಲ್ಲ, ಇದ್ದೇ ಇರುತ್ತೆ. ಚರ್ಮ ಬಿಸಿ ಅನ್ನಿಸಿದ ತಕ್ಷಣ ಟೇಪ್ ಹಾಕು, ಗುಳ್ಳೆ ಎದ್ಮೇಲೆ ಅಲ್ಲ. ಮೇಲಿನ ಚರ್ಮ ಕೀಳ್ಬೇಡ. ಒಣಗಿದ ಸಾಕ್ಸ್ ಒಂದು ಜೊತೆ ಯಾವಾಗ್ಲೂ ಪ್ಯಾಕಿನ ಮೇಲಿರ್ಲಿ, ಅಡಿಯಲ್ಲಿಟ್ರೆ ಐದು ನಿಮಿಷದ ಬ್ರೇಕಲ್ಲಿ ಕೈಗೆ ಸಿಗಲ್ಲ.

ತಗಡುಟ್ರಂಕು:

@ಕುಂಟುಕುದುರೆ ಸಾರಿ ಅಣ್ಣಾ, ಒಣ ಕಟಗಿ ಓದಿ ನನ್ನ ಕಾಲೇ ಜುಮ್ ಅಂತು. ಕಳ್ಳಾಟದವರ ಮೇಲಿನ ಸಿಟ್ಟು ಅದು, ಈ ಹುಡುಗನ ಮೇಲಲ್ಲ. ಹೊಸಬೂಟು, ಹೋಗಿ ತೋರಿಸು ಮಾರಾಯ.

ಅಂದಹಾಗೆ ಮೇಷ್ಟ್ರೇ, ಎಲ್ಲಾ ಕಡೆ ಸ್ಟೆಪ್ ಹಾಕು, ಅಂದ್ರೆ ಎಲ್ರೂ ಒಂದೇ ತಾಳಕ್ಕೆ ಹೆಜ್ಜೆ ಹಾಕಿ ಅಂತೀರ, ಸೇತುವೆ ಬಂದ ತಕ್ಷಣ ಸ್ಟೆಪ್ ಬಿಡಿ ಅಂತೀರ, ಅದು ನಿಜವಾಗ್ಲೂ ಬೇಕಾ ಅಥವಾ ಬರೀ ಸಂಪ್ರದಾಯನಾ?

ಕವಾಯತು_ಮೇಷ್ಟ್ರು:

ಬೇಕು. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಮೇಲೆ 74 ಜನ ಸಿಪಾಯಿಗಳು ಹೆಜ್ಜೆ ಹಾಕ್ಕೊಂಡು ಬರ್ತಿದ್ರು, ಸೇತುವೆ ಅವರ ತಾಳಕ್ಕೆ ತೂಗೋಕೆ ಶುರುವಾಯ್ತು, ಹುಡುಗ್ರಿಗೆ ಮಜಾ ಬಂದು ಇನ್ನೂ ಜೋರಾಗಿ ಹೆಜ್ಜೆ ಹಾಕಿದ್ರಂತೆ, ಒಂದು ತುದಿ ಕಿತ್ಕೊಂಡು ಸುಮಾರು 40 ಜನ ನದಿಗೆ. ಅಲ್ಲಿ ಯಾರೂ ಸಾಯ್ಲಿಲ್ಲ, ಕೆಲವರು ಕೈಕಾಲು ಮುರ್ಕೊಂಡ್ರು ಅಷ್ಟೇ. ಬ್ರಿಟಿಷ್ ಸೈನ್ಯದಲ್ಲಿ ಸೇತುವೆ ಮೇಲೆ ಸ್ಟೆಪ್ ಬಿಡೋ ಆರ್ಡರ್ ಬಂದಿದ್ದು ಆಮೇಲೆ. 1850ರಲ್ಲಿ ಫ್ರಾನ್ಸಿನ ಆಂಜೆಯಲ್ಲಿ ಸ್ಟೆಪ್ ಬಿಟ್ಟೇ ದಾಟ್ತಿದ್ರು, ಬಿರುಗಾಳಿ, ತೂಗಾಟಕ್ಕೆ ಬೀಳದೇ ಇರೋಕೆ ಎಲ್ರೂ ಒಟ್ಟೊಟ್ಟಿಗೇ ವಾಲೋಕೆ ಶುರು ಮಾಡಿದ್ರು, ತುಕ್ಕು ಹಿಡಿದಿದ್ದ ಕೇಬಲ್ಲು ಕಿತ್ತು 200ಕ್ಕೂ ಹೆಚ್ಚು ಜನ ಹೋದ್ರು. ಹೆಜ್ಜೆ ಬಿಡೋದನ್ನೂ ನಾವು ಪ್ರಾಕ್ಟೀಸ್ ಮಾಡಿಸ್ತೀವಿ, ಅದೂ ಸುಲಭ ಅಲ್ಲ, ಮೂರು ವಾರ ಹೊಡೆಸಿ ಕೂರಿಸಿದ ತಾಳ ಕಾಲು ಬಿಡಲ್ಲ.

ಹೊಸಬೂಟು:

ಮತ್ತೆ ಭಾನುವಾರ. ಹೋದ ಭಾನುವಾರ ಫೋನ್ ವಾಪಸ್ ಕೊಡೋ ಮುಂಚೆ ಮೂಳೆಮಾತು ಅಕ್ಕಂದು ತನಕ ಓದಿದ್ದೆ, ಉಳಿದಿದ್ದು ಈಗ ಓದ್ದೆ. ಕುಂಟುಕುದುರೆ ಅಣ್ಣಾ, ಟಾವೆಲ್ ಅಲ್ಲ, ನಾನು ಸಾಕ್ಸ್ ಒದ್ದೆ ಮಾಡಿ ಹಾಕ್ಕೊಂಡು ಮಲಗ್ತಿದ್ದೆ.

ಸೋಮವಾರ ಬೆಳಿಗ್ಗೆ ಪಿಟಿಗೆ ಮುಂಚೆ ಇನ್‌ಸ್ಟ್ರಕ್ಟರ್ ಹತ್ರ ಹೋಗಿ ನಿಂತೆ. ಬೈತಾರೆ ಅಂತ ಮಾತೆಲ್ಲ ರೆಡಿ ಮಾಡ್ಕೊಂಡಿದ್ದೆ, ನಾನು ಬಾಯಿ ಬಿಡೋಕೆ ಮುಂಚೆ ಅವರೇ "ಎಡಗಾಲಾ?" ಅಂದ್ರು. ಮೇಷ್ಟ್ರೇ, ಹೆಂಗೆ ಗೊತ್ತಾಯ್ತು ಅಂತ ನಾನು ಕೇಳ್ಲಿಲ್ಲ. ಗುರುವಾರದಿಂದ ನೋಡ್ತಿದ್ದೆ, ಇವತ್ತು ನಾನೇ ಕಳಿಸ್ತಿದ್ದೆ ಅಂದ್ರು, ಆಮೇಲೆ ಒಂದು ಸುತ್ತು ಬೈದ್ರು, ನೋವಿಗಲ್ಲ, ಬೇರೆಯವನ ಮಾತ್ರೆ ನುಂಗಿದ್ದಕ್ಕೆ. ಗೆಳೆಯನಿಗೂ ಬಿತ್ತು, ಪಾಪ.

ಎಕ್ಸ್‌ರೇಲಿ ಏನೂ ಇಲ್ಲ. ಅಕ್ಕ ಹೇಳಿದ್ದು ನೆನಪಿತ್ತು, ಕೇಳ್ದೆ, ಡಾಕ್ಟರೇ ಆಗ್ಲೇ ಬರೀತಿದ್ರು. ಎಂಆರ್‌ಐಯಲ್ಲಿ ಮೂಳೆ ಒಳಗೆ ಊತ ಇದೆ, ಬಿರುಕಿನ ಗೆರೆ ಇನ್ನೂ ಬಿದ್ದಿಲ್ಲ, ಬೀಳೋಕೆ ಹೊರಟಿತ್ತು ಅಂದ್ರು. ಎರಡು ವಾರ ಊರುಗೋಲು, ಆಮೇಲೆ ಈಜು ಸೈಕಲ್ಲು, ನೋವಿಲ್ಲ ಅಂದ್ರೆ ನಿಧಾನಕ್ಕೆ ಓಟ. ಬ್ಯಾಚ್ ಮಾತ್ರ ಹೋಯ್ತು, ಮುಂದಿನದಕ್ಕೆ ಹಾಕಿದಾರೆ. ರೂಮ್ ಖಾಲಿ ಮಾಡೋವಾಗ ಪಕ್ಕದ ಮಂಚದವನು ನನ್ನ ಟ್ರಂಕ್ ಹೊತ್ತು ತಂದ, ಏನೂ ಮಾತಾಡ್ಲಿಲ್ಲ, ಹೋಗೋವಾಗ ನಿನ್ನ ಗೊರಕೆ ಇಲ್ದೆ ನಿದ್ದೆ ಬರಲ್ಲ ಅಂದ. ಗೊರಕೆ ಹೊಡೀತಿದ್ದಿದ್ದು ಅವನು! ಆಮೇಲೆ ರಿಹ್ಯಾಬ್ ರೂಮಲ್ಲಿ ಕೇಳಿದ್ರೆ ನಾನೂ ಹೊಡೀತೀನಂತೆ.

ಎತ್ತರ 5 ಅಡಿ 5 ಇಂಚು, ಮುಂದೆ ಇದ್ದವನು ಆರಡಿ. ಹೊಸ ಬ್ಯಾಚಲ್ಲಿ ಕೇಳ್ಕೊಂಡು ಮುಂದೆ ನಿಲ್ತೀನಿ. ಕೈಕಾಲು ಒಟ್ಟಿಗೆ ಹೋಗೋದು ಊರುಗೋಲಿಂದ ಸರಿ ಹೋದಂಗಿದೆ, ಇದ್ರಲ್ಲಿ ತಪ್ಪು ಹೆಜ್ಜೆ ಹಾಕಿದ್ರೆ ಸೀದಾ ಬೀಳ್ತೀನಿ.

ಒಂದು ಡೌಟು, ಎಡಗಾಲಿಗೆ ಎರಡು ವಾರ ಬೂಟೇ ಹಾಕಲ್ಲ, ಆದ್ರೂ ಇನ್‌ಸ್ಪೆಕ್ಷನ್‌ಗೆ ಅದನ್ನೂ ಪಾಲಿಶ್ ಮಾಡ್ಬೇಕಾ?

ಕವಾಯತು_ಮೇಷ್ಟ್ರು:

ಅದನ್ನೇ ಮೊದಲು ನೋಡೋದು ನಾವು.